ಅಡ್ವಾನ್ಸ್ ಕೊಡುವ ಮುನ್ನ ಗೋಡೆಯ ತೇವ ನೋಡಿ

ಹುಳಿಯಾರು ಸೀಮೆಯಲ್ಲಿ ಹಳೇ ಮನೆ ಕೊಳ್ಳುವವರು ಅಟ್ಟಕ್ಕೂ ಸೇರಿಸಿಯೇ ದುಡ್ಡು ಕೊಡುತ್ತಾರೆ. ಅಟ್ಟಕ್ಕೆ ಹಾಕಿದ ಬಲಿತ ಕಾಯಿಯ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಹಿಡಿಯುತ್ತದೆ. ಅಂಥ ಜಾಗಕ್ಕೆ ತೇವ ಹತ್ತಿದರೆ ನಷ್ಟ ಬರೀ ಸುಣ್ಣಬಣ್ಣದ್ದಲ್ಲ. ತೇವಾಂಶ ಶೇ 7 ಮೀರಿದ ಕೊಬ್ಬರಿಯನ್ನು ಬೆಂಬಲ ಬೆಲೆ ಕೇಂದ್ರದಲ್ಲಿ ಕೊಳ್ಳುವುದಿಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಆ ವರ್ಷ ತಿಪಟೂರು ಮಾರುಕಟ್ಟೆಯ ದರ ಅದರ ಎರಡರಷ್ಟನ್ನೂ ದಾಟಿತು. ಆ ದರದಲ್ಲಿ ನಾಲ್ಕೈದು ಕ್ವಿಂಟಲ್‌ಗೆ ಬೂಷ್ಟು ಬಂತೆಂದರೆ ಲಕ್ಷ ರೂಪಾಯಿ ಹೋದಂತೆ.

ನಾವು ಕೊಳ್ಳಲು ನೋಡಿದ ಮನೆಯಲ್ಲಿ ಹಿಂದಿನ ಕೋಣೆಯ ಒಂದು ಗೋಡೆಗೆ ಮಾತ್ರ, ಅದೂ ಸೊಂಟದೆತ್ತರಕ್ಕೆ, ಹೊಸ ಬಣ್ಣ ಬಳಿದಿತ್ತು. ಬೆರಳಾಡಿಸಿದರೆ ಬಿಳಿ ಉಪ್ಪು ಉದುರಿತು. ಬಾಗಿಲ ಸಂದಿಯಲ್ಲಿ ಕಪ್ಪು ಬೂಷ್ಟು. ಲ್ಯಾಬ್‌ಗೆ ಕಳಿಸಿ ಟೆಸ್ಟ್ ಮಾಡಿಸಿ ಎಂದು ಬೆಂಗಳೂರಿನ ನೆಂಟರು ಹೇಳಿದರು. ನಾನು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಬೂಷ್ಟಿಗೆ ಟೆಸ್ಟ್ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಕೂಡ ಇಷ್ಟು ಬೂಷ್ಟಿದ್ದರೆ ಪರವಾಗಿಲ್ಲ ಎಂಬ ಲೆಕ್ಕ ಕೊಡುವುದಿಲ್ಲ. ಮೊದಲು ತೇವ ತಡೆಯಿರಿ ಎನ್ನುತ್ತದೆ. ಬೂಷ್ಟಿನ ಜಾತಿ ತಿಳಿದರೂ ನೀರು ಬರುವ ದಾರಿ ತಿಳಿಯುವುದಿಲ್ಲ. ರಿಪೇರಿಯ ಖರ್ಚು ನಿಂತಿರುವುದು ಆ ದಾರಿಯ ಮೇಲೆ.

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಟ್ಟೆವು. ಹನಿ ಹಾಳೆಯ ಹೊರಮೈಗೆ ಕೂತರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಬಹುಪಾಲು ಸರಿಹೋಗುತ್ತದೆ. ನಮ್ಮ ಹಾಳೆಯಲ್ಲಿ ಹನಿ ಕೂತಿದ್ದು ಒಳಮೈಗೆ. ಅಂದರೆ ನೀರು ಗೋಡೆಯೊಳಗಿಂದಲೇ ಬರುತ್ತಿತ್ತು. ಪಾಯದಿಂದಲೋ ಪೈಪಿನಿಂದಲೋ ಗೊತ್ತಿರಲಿಲ್ಲ.

ಆಗ ಎಂಜಿನಿಯರನ್ನು ಕರೆಸಿ ಮೂರು ಸಾವಿರ ಕೊಟ್ಟೆವು. ಬಚ್ಚಲ ನೀರು ಪಾಯದ ಪಕ್ಕದಲ್ಲೇ ಇಂಗುತ್ತಿತ್ತು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿದ್ದರಿಂದ ತೇವ ಆರದೆ ಮೇಲೇರಿತ್ತು. ಅವರು ಅಟ್ಟ ಹತ್ತಿ, ಗೋಡೆಯೊಳಗೆ ಕೂತ ಪ್ರತಿ ತೊಲೆಯ ತುದಿಗೂ ಸ್ಕ್ರೂಡ್ರೈವರ್ ಒತ್ತಿದರು. ಎಲ್ಲೂ ಇಳಿಯಲಿಲ್ಲ, ಮರ ಗಟ್ಟಿಯಿತ್ತು. ಬಚ್ಚಲ ನೀರು ದೂರ ಸಾಗಿಸಿ, ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಮಾಡಲು ಅರವತ್ತು ಸಾವಿರದ ಅಂದಾಜು ಕೊಟ್ಟರು. ಅಷ್ಟನ್ನೂ ಬೆಲೆಯಲ್ಲಿ ಇಳಿಸಿಕೊಂಡು, ಕ್ರಯದ ಕರಾರಿನಲ್ಲಿ ಬರೆಸಿದೆವು.

ನಾನು ಪಾಲಿಸುವ ಲೆಕ್ಕ ಇಷ್ಟೇ. ಬಚ್ಚಲ ಮೂಲೆಯಲ್ಲಿ ಅಂಗೈಯಗಲದ ಬೂಷ್ಟಿದ್ದರೆ ಸೋಪಿನ ನೀರಲ್ಲಿ ಉಜ್ಜಿ, ಒಣಗಿಸಿ, ಖರ್ಚು ಬೇಡ. ಹತ್ತು ಚದರಡಿ ಮೀರಿದ್ದರೆ, ತೊಳೆದರೂ ಮರಳಿ ಬಂದರೆ, ತೊಲೆ ಮೆತ್ತಗಾಗಿದ್ದರೆ, ಒಂದೇ ಕಡೆ ಹೊಸ ಬಣ್ಣ ಕಂಡರೆ ತಿಳಿದವರನ್ನು ಕರೆಸಿ. ಕೊಳ್ಳುವವರು ಮಾರುವವರ ನಡುವೆ ತಕರಾರು ಬಂದು ಕಾಗದದ ಸಾಕ್ಷಿ ಬೇಕಾದಾಗ ಮಾತ್ರ ಲ್ಯಾಬ್. ಮನೆಯಲ್ಲಿ ಉಬ್ಬಸದವರಿದ್ದು, ಹೊರಗಿದ್ದಾಗ ಆರಾಮಾಗಿ ಮನೆಗೆ ಬಂದೊಡನೆ ಉಸಿರು ಕಟ್ಟುತ್ತಿದ್ದರೆ ಡಾಕ್ಟರನ್ನು ಕೇಳಿ, ಎಲ್ಲೂ ಬೂಷ್ಟು ಕಾಣದಿದ್ದರೂ ಮನೆ ಪರೀಕ್ಷೆ ಮಾಡಿಸಿ. ಬೂಷ್ಟು ಹಿಡಿದ ಕೊಬ್ಬರಿಯನ್ನಂತೂ ಒರೆಸಿ ತಿನ್ನಬೇಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಒರೆಸಿದರೆ ಹೋಗುವುದಿಲ್ಲ.

ಬೇಸಿಗೆಯಲ್ಲಿ ನೋಡಿದ ಮನೆಯನ್ನು ನಮ್ಮ ಕಡೆ ಮಳೆ ಜೋರಿರುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ ನೋಡಿ. ಅಷ್ಟು ಕಾಯಲಾಗದಿದ್ದರೆ, ಜಿಲ್ಲೆಯ ಕೆರೆಗಳು ಕೋಡಿ ಬಿದ್ದ 2022ರ ಮಳೆಗೆ ಈ ಮನೆ ಹೇಗಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ. ಗೋಡೆ ಪರೀಕ್ಷೆಗೆ ಮಾಲೀಕರು ಒಪ್ಪದಿದ್ದರೆ ಅಡ್ವಾನ್ಸ್ ಕೊಡಲೇಬೇಡಿ.