ಹೊಲಿಗೆ ನಿಮ್ಮದು, ಹೆಸರೂ ನಿಮ್ಮದಾಗಲಿ

ಪ್ರಶ್ನೆ: ಅಕ್ಕಾ, ನಮ್ಮೂರು ಕುಡತಿನಿ. ಹಲವು ವರ್ಷಗಳಿಂದ ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಪೀಸ್ ಲೆಕ್ಕದಲ್ಲಿ ಪ್ಯಾಂಟ್ ಹೊಲಿದು ಕೊಡುತ್ತಿದ್ದೇನೆ. ಹೊಲಿಗೆ ನನ್ನದು, ಲೇಬಲ್ ಬೇರೆಯವರದು. ಈಗ ಸ್ವಂತಕ್ಕೆ ಶುರು ಮಾಡುವ ಆಸೆ. ‘ಮೊದಲು ನಿಂದೇ ಬ್ರ್ಯಾಂಡ್ ಮಾಡ್ಕೋ, ದಿನಾ ರೀಲ್ಸ್ ಹಾಕು’ ಅಂತಾನೆ ತಮ್ಮ. ‘ನಮ್ಮನ್ನ ನಾವೇ ಹೊಗಳಿಕೊಂಡ್ರ ಮಂದಿ ಏನಂದಾರು’ ಅಂತಾರೆ ಅತ್ತೆ. ಕ್ಯಾಮೆರಾ ಮುಂದೆ ನಿಲ್ಲಲು ನನಗೂ ಮುಜುಗರ. ಏನು ಮಾಡಲಿ?
– ಹೆಸರು ಬೇಡ, ಕುಡತಿನಿ

ಉತ್ತರ: ಪ್ರೀತಿಯ ಸಹೋದರಿ, ನಿಮಗೆ ಬ್ರ್ಯಾಂಡ್ ಬೇಕೇ ಬೇಕು. ದಿನಾ ರೀಲ್ಸ್ ಬೇಕಿಲ್ಲ.

ಬೋರ್ಡು, ಲೋಗೊ, ವಿಡಿಯೊ ಇವೆಲ್ಲ ಗುರುತು ಹಿಡಿಯುವುದಕ್ಕೆ. ಹೊಸ ಗಿರಾಕಿ ನಿಮ್ಮ ಬಾಗಿಲಿಗೆ ಬರುವ ಮೊದಲೇ ‘ಅಲ್ಲಿ ಕೊಟ್ಟರೆ ಹೊಲಿಗೆ ಬಿಚ್ಚೋದಿಲ್ಲ, ಹೇಳಿದ ದಿನ ಸಿಗುತ್ತೆ’ ಎಂದು ಕೇಳಿಕೊಂಡು ಬಂದರೆ, ನಿಮ್ಮ ಬ್ರ್ಯಾಂಡ್ ಹುಟ್ಟಿತು ಎಂದರ್ಥ. ಅದು ಯಾಕೆ ಮುಖ್ಯ ಎಂಬುದು ನಿಮ್ಮ ಅನುಭವದಲ್ಲೇ ಇದೆ. ಬಳ್ಳಾರಿ ಜೀನ್ಸ್ ಎಂದರೆ ಹೊರರಾಜ್ಯದವರಿಗೂ ಗೊತ್ತು. ಹೊಲಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಪೀಸಿನ ದರ ನಿಗದಿ ಮಾಡುವವರು ಲೇಬಲ್‌ನ ಮಾಲೀಕರು. ಎರಡು ರೂಪಾಯಿ ಕಡಿಮೆಗೆ ಹೊಲಿಯುವವರು ಸಿಕ್ಕರೆ ಕೆಲಸ ಅತ್ತ ಹೋಗುತ್ತದೆ. ಗಿರಾಕಿ ನಿಮ್ಮನ್ನೇ ಹುಡುಕಿಕೊಂಡು ಬಂದಾಗ ಮಾತ್ರ ದರದ ಮಾತು ನಿಮ್ಮ ಕೈಗೆ ಬರುತ್ತದೆ.

ಅತ್ತೆಯವರ ಆತಂಕವನ್ನು ತಳ್ಳಿಹಾಕಬೇಡಿ. ಇಲ್ಲದ್ದನ್ನು ಹೇಳಿಕೊಂಡರೆ ಅದು ಬಡಾಯಿ. ಇದ್ದದ್ದನ್ನು ನಾಲ್ಕು ಜನರಿಗೆ ತಿಳಿಸಿದರೆ ಅದು ವ್ಯಾಪಾರ. ಇದನ್ನು ಅವರಿಗೆ ಸಮಾಧಾನದಿಂದ ಬಿಡಿಸಿ ಹೇಳಿ. ನಿಮ್ಮ ಜಿಲ್ಲೆಯವರೇ ಆದ ಮಂಜಮ್ಮ ಜೋಗತಿಯವರನ್ನು ನೋಡಿ. ಜನರ ತಾತ್ಸಾರದ ನಡುವೆಯೂ ಜೋಗತಿ ನೃತ್ಯವನ್ನು ಬಿಡದೆ ಹಿಡಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಒಂದೇ ಕೆಲಸವನ್ನು ವರ್ಷಗಟ್ಟಲೆ ನಿಷ್ಠೆಯಿಂದ ಮಾಡಿದ್ದರಿಂದ ಬಂದ ಹೆಸರು ಅದು.

ಈಗ ನೀವು ಮಾಡಬೇಕಾದದ್ದು:

ಒಂದು, ಎಲ್ಲವನ್ನೂ ಹೊಲಿಯುತ್ತೇನೆ ಎನ್ನಬೇಡಿ. ದಪ್ಪ ಬಟ್ಟೆಯ ಹೊಲಿಗೆಯಲ್ಲಿ ನಿಮ್ಮ ಕೈ ಪಳಗಿದೆ. ನಿಮ್ಮೂರಲ್ಲೇ ಉಷ್ಣ ವಿದ್ಯುತ್ ಸ್ಥಾವರವಿದೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದೆ. ದುಡಿಯುವವರಿಗೆ ಬಾಳಿಕೆ ಬರುವ ಪ್ಯಾಂಟು ಬೇಕು. ಅಲ್ಲಿಂದ ಶುರು ಮಾಡಿ.

ಎರಡು, ಒಂದು ಮಾತು ಕೊಟ್ಟು ಉಳಿಸಿಕೊಳ್ಳಿ: ಹೊಲಿಗೆ ಬಿಚ್ಚಿದರೆ ದುಡ್ಡಿಲ್ಲದೆ ಸರಿ ಮಾಡಿಕೊಡುತ್ತೇನೆ ಎಂದು.

ಮೂರು, ಚಿಕ್ಕದೊಂದು ಹೆಸರಿಟ್ಟು ಪ್ರತಿ ಪ್ಯಾಂಟಿಗೂ ಲೇಬಲ್ ಹಚ್ಚಿ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಖರ್ಚಿಲ್ಲದೆ ಫೋಟೊ, ದರ ಹಾಕಬಹುದು. ನಿಮ್ಮ ಮುಖ ತೋರಿಸುವುದು ಬೇಡ. ಜೇಬಿನ ಮೂಲೆ, ಝಿಪ್ಪಿನ ಹೊಲಿಗೆ ತೋರಿಸಿ ಸಾಕು.

ನಾಲ್ಕು, ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ. ವ್ಯಾಪಾರ ಕುದುರಿದ ಮೇಲೆ ಟ್ರೇಡ್‌ಮಾರ್ಕ್ ಮಾಡಿಸಿ. ಸಿದ್ಧ ಉಡುಪು 25ನೇ ವರ್ಗದಲ್ಲಿ ಬರುತ್ತದೆ. ಟ್ರೇಡ್‌ಮಾರ್ಕ್ ನೋಂದಣಿ 10 ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೆ ನವೀಕರಿಸಬಹುದು. ಹೆಸರಿಡುವ ಮೊದಲು ಅದನ್ನು ಬೇರೆಯವರು ನೋಂದಾಯಿಸಿದ್ದಾರೆಯೇ ಎಂದು ನೋಡಿಕೊಳ್ಳಿ.

ಒಂದು ಎಚ್ಚರಿಕೆ. ‘ದೊಡ್ಡ ಕಂಪನಿಯ ಲೇಬಲ್ ಹಚ್ಚಿ ಕೊಡು, ಜಾಸ್ತಿ ಕೊಡ್ತೀನಿ’ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಅದು ಜೈಲಿಗೆ ಹಾಕುವಂಥ ಅಪರಾಧ.

ಪೀಸ್ ಕೆಲಸವನ್ನು ಒಮ್ಮೆಲೇ ಬಿಡಬೇಡಿ. ಮನೆ ಖರ್ಚು ಅದರಿಂದ ನಡೆಯಲಿ. ವಾರಕ್ಕೆ ನಾಲ್ಕೈದು ಪ್ಯಾಂಟು ನಿಮ್ಮ ಲೇಬಲ್‌ನಲ್ಲಿ ಹೊರಬರಲಿ. ಅವುಗಳಲ್ಲಿ ಒಂದೂ ಬಿಚ್ಚಿಕೊಂಡು ವಾಪಸ್ ಬರದಂತೆ ಹೊಲಿಯಿರಿ. ಮುಂದಿನ ಗಿರಾಕಿಯನ್ನು ಆ ಪ್ಯಾಂಟು ತೊಟ್ಟವರೇ ಕರೆತರುತ್ತಾರೆ.