ಅಲ್ಲಾಡದ ಐವತ್ತನಾಲ್ಕು

ಮಗೂ, ಪಿಯುಸಿಯಲ್ಲಿ ರಾಸಾಯನಿಕ ಸಮತೋಲನದ ಪಾಠ ಶುರುವಾದ ಕೂಡಲೇ ಸೂತ್ರ ಬಾಯಿಪಾಠ ಮಾಡಲು ಕೂರಬೇಡ. ಮೇಲೆ ಉತ್ಪನ್ನ, ಕೆಳಗೆ ಪ್ರತಿವರ್ತಕ ಎಂದು ಉರು ಹೊಡೆದವರು ಮೊದಲ ಲೆಕ್ಕವನ್ನು ಸಲೀಸಾಗಿ ಮಾಡುತ್ತಾರೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕಂಗಾಲಾಗುತ್ತಾರೆ. ಪೆನ್ಸಿಲ್ ಹಿಡಿ, ನನ್ನ ಜೊತೆ ಒಂದೇ ಒಂದು ಲೆಕ್ಕ ಮಾಡು.

ಒಂದು ಲೀಟರಿನ ಮುಚ್ಚಿದ ಪಾತ್ರೆಯಲ್ಲಿ ಒಂದು ಮೋಲ್ ಹೈಡ್ರೋಜನ್, ಒಂದು ಮೋಲ್ ಅಯೋಡಿನ್ ಇಟ್ಟು ಸುಮಾರು 430 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ದೇವೆ ಎಂದುಕೋ. ಅಯೋಡಿನ್ ಆವಿಯ ನೇರಳೆ ಬಣ್ಣ ತಿಳಿಯಾಗುತ್ತಾ ಬಂದು ಒಂದು ಹಂತದಲ್ಲಿ ನಿಲ್ಲುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಒಳಗೆ ಕ್ರಿಯೆ ನಿಂತಿಲ್ಲ. ಹೈಡ್ರೋಜನ್ ಅಯೋಡೈಡ್ ಎಷ್ಟು ಬೇಗ ಹುಟ್ಟುತ್ತಿದೆಯೋ ಅಷ್ಟೇ ಬೇಗ ಒಡೆಯುತ್ತಿದೆ. ಆಗ ಹೈಡ್ರೋಜನ್ 0.214, ಅಯೋಡಿನ್ 0.214, ಹೈಡ್ರೋಜನ್ ಅಯೋಡೈಡ್ 1.572 ಮೋಲ್. ಒಂದೊಂದು ಮೋಲ್ ಹೈಡ್ರೋಜನ್, ಅಯೋಡಿನ್ ಸೇರಿ ಎರಡು ಮೋಲ್ ಹೈಡ್ರೋಜನ್ ಅಯೋಡೈಡ್ ಆಗುವುದರಿಂದ, ಕೊನೆಯದರ ವರ್ಗವನ್ನು ಮೊದಲಿನೆರಡರ ಗುಣಲಬ್ಧದಿಂದ ಭಾಗಿಸು. 54 ಬರುತ್ತದೆ. ಅದೇ ಕೆ, ಅಂದರೆ ಸಮತೋಲನ ಸ್ಥಿರಾಂಕ.

ಈಗ ಇನ್ನೊಂದು ಮೋಲ್ ಹೈಡ್ರೋಜನ್ ತುಂಬು. ತುಂಬಿದ ಕ್ಷಣಕ್ಕೆ ಅದೇ ಭಾಗಲಬ್ಧ ಸುಮಾರು 9.5ಕ್ಕೆ ಇಳಿಯುತ್ತದೆ. ಇದನ್ನು ಕೆ ಎನ್ನಬೇಡ, ಸಮತೋಲನ ಇಲ್ಲದಾಗಿನ ಈ ಭಾಗಲಬ್ಧಕ್ಕೆ ಕ್ಯೂ ಎನ್ನುತ್ತಾರೆ. ಕ್ಯೂ ಕೆಗಿಂತ ಕಡಿಮೆಯಿದೆ, ಹಾಗಾಗಿ ಕ್ರಿಯೆ ಮುಂದಕ್ಕೆ ಸಾಗುತ್ತದೆ. ಮತ್ತೆ ಸಮತೋಲನ ಬಂದಾಗ ಹೈಡ್ರೋಜನ್ 1.061, ಅಯೋಡಿನ್ 0.061, ಹೈಡ್ರೋಜನ್ ಅಯೋಡೈಡ್ 1.877. ಮೂರೂ ಅಂಕಿ ಬದಲಾದವು. ಭಾಗಿಸಿ ನೋಡು, ಮತ್ತೆ 54ರ ಹತ್ತಿರವೇ! ಇದನ್ನು ನಿನ್ನ ಕೈಯಾರೆ ಮಾಡು, ಯಾರೋ ಹೇಳಿದ್ದನ್ನು ನಂಬಿಕೊಂಡು ಮುಂದೆ ಹೋಗಬೇಡ. ಸ್ಥಿರವಾಗಿ ಉಳಿಯುವುದು ಯಾವ ವಸ್ತುವಿನ ಪ್ರಮಾಣವೂ ಅಲ್ಲ, ಅವುಗಳ ಸಾರತೆಗಳ ನಡುವಿನ ಸಂಬಂಧ. ಇಂಥದೊಂದು ಸಂಬಂಧ ಇದೆಯೆಂದು ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲೇ ಹೇಳಿದ್ದರು.

ಒತ್ತಡ, ವೇಗವರ್ಧಕ, ಹೊಸದಾಗಿ ಸುರಿದ ಪ್ರತಿವರ್ತಕ, ಯಾವುದಕ್ಕೂ ಕೆ ಜಗ್ಗುವುದಿಲ್ಲ. ಜಗ್ಗುವುದು ಉಷ್ಣತೆಗೆ ಮಾತ್ರ. ಅಮೋನಿಯ ತಯಾರಿಕೆಯನ್ನೇ ನೋಡು. ಎರಡು ಮೋಲ್ ಅಮೋನಿಯಕ್ಕೆ ಬರೆದು, ಸಾರತೆಯ ಬದಲು ಅನಿಲಗಳ ಆಂಶಿಕ ಒತ್ತಡದಿಂದ ಲೆಕ್ಕ ಹಾಕಿದರೆ, 25 ಡಿಗ್ರಿಯಲ್ಲಿ ಅದರ ಕೆ ಲಕ್ಷಗಳ ಲೆಕ್ಕದಲ್ಲಿದೆ, 400 ಡಿಗ್ರಿಯಲ್ಲಿ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಕಾರ್ಖಾನೆಯವರು 400ರಿಂದ 500 ಡಿಗ್ರಿಯಲ್ಲೇ ಕೆಲಸ ಮಾಡುತ್ತಾರೆ, ಏಕೆಂದರೆ ತಣ್ಣಗಿದ್ದರೆ ಕಬ್ಬಿಣದ ವೇಗವರ್ಧಕ ಇದ್ದರೂ ಕ್ರಿಯೆ ಸಾಗುವುದೇ ಇಲ್ಲ. ಇಳುವರಿಯ ಕೊರತೆಯನ್ನು ಹೆಚ್ಚಿನ ಒತ್ತಡ ಹಾಕಿ ತುಂಬಿಕೊಳ್ಳುತ್ತಾರೆ.

ಕೆ ದೊಡ್ಡದಿದ್ದರೆ ಕ್ರಿಯೆ ವೇಗವಾಗಿ ನಡೆಯುತ್ತದೆ ಎಂದು ಮಾತ್ರ ಎಂದೂ ಬರೆಯಬೇಡ, ಇದು ಬಹಳ ಮಕ್ಕಳು ಎಡವುವ ಜಾಗ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆಯ ಕೆ, ಎರಡು ಮೋಲ್ ನೀರಿಗೆ ಬರೆದರೆ, ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 10ರ ಘಾತ 80. ಆದರೂ ಕಿಡಿ ತಾಗದಿದ್ದರೆ ಆ ಎರಡು ಅನಿಲಗಳು ಒಂದೇ ಜಾಡಿಯಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತವೆ. ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕೆ ಹೇಳುತ್ತದೆ, ಯಾವಾಗ ಮುಟ್ಟುತ್ತದೆ ಎಂಬುದನ್ನಲ್ಲ.

ಇನ್ನೊಂದು ವಿಷಯ. ಸಮೀಕರಣ ಬರೆಯದೆ ಕೆ ಬೆಲೆ ಬರೆಯಬೇಡ. ನಮ್ಮ 54, ಸಮೀಕರಣವನ್ನು ತಿರುವಿ ಬರೆದರೆ 54ರಲ್ಲಿ ಒಂದು ಭಾಗ. ಎರಡು ಮೋಲ್ ಹೈಡ್ರೋಜನ್ ಅಯೋಡೈಡ್ ಬದಲು ಒಂದೇ ಮೋಲಿಗೆ ಬರೆದರೆ ಅದರ ವರ್ಗಮೂಲ, ಸುಮಾರು 7.35. ಪಾತ್ರೆಯೊಳಗೆ ಏನೂ ಬದಲಾಗಿರುವುದಿಲ್ಲ, ನೀನು ಬರೆದ ರೀತಿ ಮಾತ್ರ ಬದಲಾಗಿರುತ್ತದೆ.