ಹಡಗು ನಡಿಸುವ ವಿದ್ಯೆ

ನಮ್ಮ ಶಾಲೆಯಲ್ಲಿ ಕಲಿತ ಪ್ರತಿಯೊಬ್ಬಳಿಗೂ ಒಂದು ಸಮುದ್ರಪ್ರಯಾಣದ ಕಥೆಯಾದರೂ ಗೊತ್ತಿರುವದು. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಪೌಲನು ಸೆರೆಯಾಳಾಗಿ ರೋಮಾಪುರಕ್ಕೆ ಹೋಗುತ್ತಿರುವಾಗ ಬಿರುಗಾಳಿಯು ಹಡಗನ್ನು ಹದಿನಾಲ್ಕು ದಿನ ಹೊಡೆದಾಡಿಸುತ್ತದೆ. ನಡುರಾತ್ರಿಯಲ್ಲಿ ನೆಲವು ಹತ್ತಿರವಾಯಿತೆಂದು ನಾವಿಕರಿಗೆ ತೋರಿ, ಅವರು ಗುಂಡನ್ನು ಇಳಿಬಿಟ್ಟು ಅಳೆದರೆ ಇಪ್ಪತ್ತು ಮಾರು; ತುಸು ಮುಂದೆ ಹದಿನೈದು ಮಾರು. ಕೂಡಲೇ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಬಿಟ್ಟು ಬೆಳಗಾಗುವದನ್ನು ಕಾಯುತ್ತಾರೆ. ನಾನು ಈ ಭಾಗವನ್ನು ಎಷ್ಟೋ ವರ್ಷ ಕಲಿಸಿದ್ದೇನೆ. ಗುಂಡು ಬಿಟ್ಟವನ ಕಡೆಗೆ ಮಾತ್ರ ಎಂದೂ ಲಕ್ಷ್ಯ ಕೊಟ್ಟಿರಲಿಲ್ಲ. ಎರಡು ವರ್ಷಗಳ ಕೆಳಗೆ ಒಂಬತ್ತನೆಯ ತರಗತಿಯಲ್ಲಿ ಕಮಲಾಪುರದ ಒಬ್ಬ ಹುಡುಗಿಯು ಎದ್ದು ನಿಂತು, "ಟೀಚರ್, ಆ ಕೆಲಸಾ ಕಲೀಲಿಕ್ಕ ಯಾವ ಸಾಲಿಗಿ ಹೋಗಬೇಕ್ರಿ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, ಅದು ಕರಾವಳಿಯವರ ಕೆಲಸ, ಅದೂ ಗಂಡಸರದು ಎಂದು ಹೇಳಿ ಕೂಡ್ರಿಸಿದೆನು. ನನ್ನ ಉತ್ತರದ ಎರಡು ಭಾಗಗಳೂ ತಪ್ಪಾಗಿದ್ದವು. ಈ ಲೇಖನವು ಅವಳಿಗೆ ತಡವಾಗಿ ಕೊಡುವ ಉತ್ತರವಾಗಿದೆ.

ವ್ಯಾಪಾರೀ ಹಡಗಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವರು ಬೇರೆ, ಹಡಗನ್ನು ನಡಿಸುವವರು ಬೇರೆ. ಈ ಎರಡನೆಯವರಿಗೆ ಡೆಕ್ ಆಫೀಸರರೆನ್ನುವರು. ಮೂರನೆಯ ಅಧಿಕಾರಿಯು ಸಾಮಾನ್ಯವಾಗಿ ಜೀವರಕ್ಷಣೆಯ ದೋಣಿಗಳನ್ನೂ ಬೆಂಕಿ ಆರಿಸುವ ಸಾಧನಗಳನ್ನೂ ನೋಡುವನು. ಎರಡನೆಯವನು ನಕ್ಷೆಗಳನ್ನೂ ಮಾರ್ಗವನ್ನೂ. ಮುಖ್ಯಾಧಿಕಾರಿಯು ಸರಕನ್ನೂ ಹಡಗಿನ ಸಮತೋಲವನ್ನೂ. ಇವರೆಲ್ಲರ ಮೇಲೆ ಕಪ್ತಾನನು. ಇವರು ಹಗಲಿರುಳು ನಾಲ್ಕು ತಾಸು ಪಹರೆ, ಎಂಟು ತಾಸು ಬಿಡುವು ಎಂಬ ಕ್ರಮದಲ್ಲಿ ಸರದಿ ನಿಲ್ಲುವರು.

ಇದರ ಮೊದಲ ಪಾಠಕ್ಕೆ ಕಡಲೇ ಬೇಕೆಂದಿಲ್ಲ. ಕಲಬುರಗಿಯಿಂದ ಕಡಲು 350 ಕಿಲೋಮೀಟರಿಗಿಂತಲೂ ದೂರ. ಆದರೂ ಕಲಬುರಗಿಗೂ ಕಮಲಾಪುರಕ್ಕೂ ನಡುವಿನ ತೊಗರಿಯ ಹೊಲಗಳೆಲ್ಲ ನೀರೆಂದು ಭಾವಿಸಿರಿ. ಕಲಬುರಗಿಯು ಸುಮಾರು 17 ಡಿಗ್ರಿ 20 ಮಿನಿಟು ಉತ್ತರ ಅಕ್ಷಾಂಶ, 76 ಡಿಗ್ರಿ 50 ಮಿನಿಟು ಪೂರ್ವ ರೇಖಾಂಶದಲ್ಲಿದೆ. ಕಮಲಾಪುರವು ಸುಮಾರು 17 ಡಿಗ್ರಿ 35 ಮಿನಿಟು, 76 ಡಿಗ್ರಿ 59 ಮಿನಿಟಿನಲ್ಲಿದೆ. ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ಕಡಲ ಮೈಲು, ಅಂದರೆ 1,852 ಮೀಟರು. ಆದಕಾರಣ ಉತ್ತರಕ್ಕೆ 15 ಮೈಲು ಹೋಗಬೇಕು. ಪೂರ್ವಕ್ಕೆ 9 ಮಿನಿಟುಗಳ ಅಂತರವುಂಟು. ಆದರೆ ರೇಖಾಂಶಗಳು ಧ್ರುವದ ಕಡೆಗೆ ಕೂಡಿಕೊಳ್ಳುತ್ತ ಹೋಗುವದರಿಂದ ಅದನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸತಕ್ಕದ್ದು. ಆಗ ಸುಮಾರು 8.6 ಮೈಲಾಗುವದು. ಇವೆರಡೂ ಲಂಬಕೋನ ತ್ರಿಭುಜದ ಎರಡು ಭುಜಗಳು. ಕರ್ಣವು 17 ಮೈಲಿಗೆ ತುಸು ಹೆಚ್ಚು, ಅಂದರೆ 32 ಕಿಲೋಮೀಟರು. ದಿಕ್ಕು ಉತ್ತರದಿಂದ ಪೂರ್ವಕ್ಕೆ ಸುಮಾರು 30 ಡಿಗ್ರಿ. ತಾಸಿಗೆ ಹತ್ತು ಕಡಲ ಮೈಲಿನ ವೇಗದಲ್ಲಿ ನಮ್ಮ ಹಡಗು ಒಂದು ಮುಕ್ಕಾಲು ತಾಸಿನಲ್ಲಿ ಕಮಲಾಪುರದ ಕೆಂಬಾಳೆಯ ತೋಟಗಳನ್ನು ಮುಟ್ಟುವದು. ಈ ಲೆಕ್ಕವನ್ನು ಹತ್ತನೆಯ ತರಗತಿಯ ಹುಡುಗಿಯರು ಅರ್ಧ ತಾಸಿನಲ್ಲಿ ಮಾಡಿ ಮುಗಿಸಿದರು. ತ್ರಿಕೋನಮಿತಿಯು ಯಾತಕ್ಕೆ ಬೇಕೆಂದು ಆ ದಿನ ಯಾರೂ ಕೇಳಲಿಲ್ಲ.

ಇನ್ನು ನಕ್ಷತ್ರ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುವದೋ, ನಿಮ್ಮ ಅಕ್ಷಾಂಶವು ಹೆಚ್ಚುಕಡಿಮೆ ಅಷ್ಟೇ. ಪಟ್ಟಣದ ದೀಪಗಳಲ್ಲಿ ಆ ನಕ್ಷತ್ರವು ಮಂಕಾಗುವದರಿಂದ ನಾವು ಕಮಲಾಪುರದಲ್ಲಿ ಆ ಹುಡುಗಿಯ ತಂದೆಯ ತೋಟಕ್ಕೆ ಹೋಗಿ, ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ ನೋಡಿದೆವು. ಒಬ್ಬಳಿಗೆ ಹದಿನಾರು ಬಂತು, ಒಬ್ಬಳಿಗೆ ಹತ್ತೊಂಬತ್ತು, ಬಹುಮಂದಿಗೆ ಹದಿನೇಳು ಹದಿನೆಂಟರ ನಡುವೆ. ಒಂದು ಡಿಗ್ರಿ ತಪ್ಪಿದರೆ ಕಡಲಿನಲ್ಲಿ ಅರವತ್ತು ಮೈಲು ತಪ್ಪಿದಂತೆ ಎಂದು ಹೇಳಿದಾಗ ಹತ್ತೊಂಬತ್ತು ಎಂದವಳು ತಾನಾಗಿಯೇ ಮತ್ತೊಮ್ಮೆ ಅಳೆದಳು. ನಾವಿಕರು ಇದನ್ನೇ ಸೆಕ್ಸ್‌ಟಂಟ್ ಎಂಬ ಯಂತ್ರದಿಂದ ಬಹು ಸೂಕ್ಷ್ಮವಾಗಿ ಅಳೆಯುವರು. ಈಗ ಉಪಗ್ರಹಗಳು ಕ್ಷಣಕ್ಷಣಕ್ಕೂ ಸ್ಥಾನವನ್ನು ತಿಳಿಸುತ್ತವೆಯಾದರೂ, ಉಪಕರಣವು ಕೈಕೊಟ್ಟಾಗ ಗತಿಯೇನೆಂದು ನಕ್ಷತ್ರವಿದ್ಯೆಯನ್ನು ಇಂದಿಗೂ ಕಲಿಸುತ್ತಾರೆ.

ರೇಖಾಂಶಕ್ಕೆ ಗಡಿಯಾರ ಬೇಕು. ಭೂಮಿಯು ಒಂದು ಡಿಗ್ರಿ ತಿರುಗಲಿಕ್ಕೆ ನಾಲ್ಕು ನಿಮಿಷ ಹಿಡಿಯುವದು. ಭಾರತದ ಸಮಯವು 82½ ಡಿಗ್ರಿಯ ರೇಖೆಯದು; ನಾವು ಅದಕ್ಕೆ 5 ಡಿಗ್ರಿ 40 ಮಿನಿಟು ಪಶ್ಚಿಮಕ್ಕಿದ್ದೇವೆ. ಆದ್ದರಿಂದ ಕಲಬುರಗಿಯ ನಿಜವಾದ ಮಧ್ಯಾಹ್ನವು ವರ್ಷದ ಸರಾಸರಿಯಲ್ಲಿ 12 ಗಂಟೆ 22 ನಿಮಿಷದ ಮೇಲೆ ಬರುವದು. ಬೇಸಿಗೆಯಲ್ಲಿ ಹನ್ನೆರಡರ ಗಂಟೆ ಹೊಡೆದ ಮೇಲೆಯೂ ಬಿಸಿಲು ಏರುತ್ತಲೇ ಇರುವದೆಂದು ಗೊಣಗುವವರಿಗೆ ಇದೂ ಒಂದು ಕಾರಣವೆಂದು ಹೇಳಬಹುದು.

ಶಿಕ್ಷಣದ ಕ್ರಮವನ್ನು ಪಾಲಕರು ಸಾವಧಾನವಾಗಿ ಓದಬೇಕು. ಮುಂಬಯಿಯಲ್ಲಿ 1927ರಲ್ಲಿ ‘ಡಫರಿನ್’ ಎಂಬ ಶಿಕ್ಷಣದ ಹಡಗು ಆರಂಭವಾಯಿತು, 1972ರಲ್ಲಿ ‘ರಾಜೇಂದ್ರ’ವು ಅದರ ಸ್ಥಾನಕ್ಕೆ ಬಂತು, 1993ರಿಂದ ನವಿ ಮುಂಬಯಿಯ ದಡದ ಮೇಲಿನ ‘ಚಾಣಕ್ಯ’ ಸಂಸ್ಥೆಯು ಆ ಕೆಲಸವನ್ನು ನಡಿಸುತ್ತಿದೆ. ಅದು ಈಗ 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆ ವಿಶ್ವವಿದ್ಯಾಲಯವು ನಡಿಸುವ ಪ್ರವೇಶ ಪರೀಕ್ಷೆಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರೂ ಇರಬೇಕು. ಮೂರರ ಸರಾಸರಿ ಸಾಮಾನ್ಯವಾಗಿ ಶೇಕಡಾ 60. ಇಂಗ್ಲಿಷಿನಲ್ಲಿ ಶೇಕಡಾ 50. ನಿಯಮಗಳು ಆಗಾಗ್ಗೆ ಬದಲಾಗುವದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡತಕ್ಕದ್ದು. ಆದರೆ ಗಣಿತದ ಮಾತು ಬದಲಾಗಿಲ್ಲ. ನಮ್ಮಲ್ಲಿ ಹುಡುಗಿಯು ಜಾಣೆಯಾದರೆ ವೈದ್ಯಳಾಗಲೆಂದು ಜೀವಶಾಸ್ತ್ರವನ್ನು ಕೊಡಿಸಿ, ಭಾರವಾಗುವದೆಂದು ಗಣಿತವನ್ನು ಬಿಡಿಸುವ ರೂಢಿಯುಂಟು. ಹದಿನಾರನೆಯ ವಯಸ್ಸಿನಲ್ಲಿ, ಒಂದು ಅರ್ಜಿಯ ಕಾಗದದ ಮೇಲೆ, ಈ ಬಾಗಿಲು ಮುಚ್ಚಿಹೋಗುವದು.

ಪ್ರವೇಶ ದೊರೆತ ಮೇಲೆ ಎರಡು ದಾರಿಗಳುಂಟು. ಒಂದು, ನೌಕಾಶಾಸ್ತ್ರದಲ್ಲಿ ಮೂರು ವರ್ಷದ ಬಿ.ಎಸ್ಸಿ., ಅನಂತರ ಒಂದು ವರ್ಷ ಕಡಲ ಮೇಲಿನ ಅಭ್ಯಾಸ. ಇನ್ನೊಂದು, ಹಡಗಿನ ಕಂಪನಿಯ ಆಶ್ರಯದಿಂದ ಒಂದು ವರ್ಷದ ಡಿಪ್ಲೊಮಾ, ಅನಂತರ ಹದಿನೆಂಟು ತಿಂಗಳು ಕಡಲು. ಆ ಕಾಲದಲ್ಲಿ ಕೆಡೆಟ್ ಎಂಬ ಹೆಸರಿನಿಂದ ತುಕ್ಕು ಕೆರೆಯುವದು, ಬಣ್ಣ ಬಳಿಯುವದು, ಹಗ್ಗ ಎಳೆಯುವದು ಮೊದಲುಗೊಂಡು ಎಲ್ಲವನ್ನೂ ಮಾಡಿ, ಕಲಿತದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದು ಅಧಿಕಾರಿಗಳ ಸಹಿ ಪಡೆಯಬೇಕು. ಬಳಿಕ ಸರಕಾರದ ಲಿಖಿತ ಮತ್ತು ಮೌಖಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಎರಡನೆಯ ಮೇಟ್ ಎಂಬ ಪ್ರಮಾಣಪತ್ರ. ಅದರ ಬಲದಿಂದ ಮೂರನೆಯ ಅಧಿಕಾರಿಯ ಕೆಲಸ.

ಕಣ್ಣಿನ ಪರೀಕ್ಷೆಯನ್ನು ಎಲ್ಲಕ್ಕೂ ಮೊದಲು ಮಾಡಿಸಿರಿ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಕತ್ತಲೆಯಲ್ಲಿ ನಿಮ್ಮ ಬಲಗಡೆಯಿಂದ ಅಡ್ಡಬರುವ ಹಡಗಿನ ಕೆಂಪು ದೀಪ ಕಂಡರೆ ದಾರಿ ಬಿಡಬೇಕಾದವರು ನೀವು. ಕೆಂಪು ಹಸಿರುಗಳ ಭೇದ ತಿಳಿಯದವರಿಗೆ ಈ ಕೆಲಸವಿಲ್ಲ. ಈ ದೋಷವು ಸುಮಾರು ಹನ್ನೆರಡು ಗಂಡಸರಲ್ಲಿ ಒಬ್ಬನಿಗೆ ಇದ್ದರೆ, ಹೆಂಗಸರಲ್ಲಿ ಇನ್ನೂರರಲ್ಲಿ ಒಬ್ಬಳಿಗೆ ಮಾತ್ರ ಇರುವದೆಂಬುದನ್ನು ಹುಡುಗಿಯರು ಸಂತೋಷದಿಂದ ಕೇಳಿದರು.

ಕಷ್ಟಗಳನ್ನು ಮರೆಮಾಡಿ ಬರೆಯುವದು ನನಗೆ ಸರಿತೋರುವದಿಲ್ಲ. 2021ರ ಗಣನೆಯಂತೆ ಜಗತ್ತಿನ ನಾವಿಕರಲ್ಲಿ ಹೆಂಗಸರು ನೂರಕ್ಕೆ 1.28 ಮಾತ್ರ. ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಹುಡುಗಿ ಇರುವ ಸಂದರ್ಭವು ಇದರಿಂದ ಬರುವದು. ಮನೆಯಿಂದ ತಿಂಗಳುಗಟ್ಟಲೆ ದೂರ. ಹಬ್ಬ, ಮದುವೆ, ಮರಣ ಯಾವದಕ್ಕೂ ಬರಲಾಗುವದೆಂಬ ಭರವಸೆಯಿಲ್ಲ. ಇನ್ನು ಮೋಸಗಾರರು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಮ್ಮನು ಹಡಗಿನ ನೌಕರಿ ಕೊಡಿಸುವೆನೆಂದವನ ಕೈಗೆ ಹೊಲ ಮಾರಿದ ಹಣವನ್ನು ಕೊಟ್ಟು ಬರಿಗೈಯಲ್ಲಿ ತಿರುಗಿ ಬಂದನು. ನೌಕಾಯಾನದ ಮಹಾನಿರ್ದೇಶಕರಿಂದ ಪರವಾನಿಗೆ ಪಡೆದ ಸಂಸ್ಥೆಗಳು ಮಾತ್ರ ನಾವಿಕರನ್ನು ನೇಮಿಸಬಹುದು. ನೌಕರಿಗಾಗಿ ನಾವಿಕನಿಂದ ಹಣ ಪಡೆಯುವದು ನಿಯಮಕ್ಕೆ ವಿರುದ್ಧ. ಹಣ ಕೇಳಿದವನ ಮನೆಯ ಮೆಟ್ಟಲನ್ನು ಮತ್ತೆ ಹತ್ತಬೇಡಿರಿ.

ಕೇರಳದ ಕೊಡುಂಗಲ್ಲೂರಿನ ರಾಧಿಕಾ ಮೆನನ್ ಎಂಬವರು ರೇಡಿಯೋ ಅಧಿಕಾರಿಣಿಯಾಗಿ ಹಡಗು ಸೇರಿ, ಭಾರತದ ವ್ಯಾಪಾರೀ ಹಡಗುಗಳ ಮೊದಲನೆಯ ಮಹಿಳಾ ಕಪ್ತಾನರಾದರು. 2015ರ ಜೂನಿನಲ್ಲಿ ‘ಸಂಪೂರ್ಣ ಸ್ವರಾಜ್ಯ’ ಎಂಬ ತೈಲದ ಹಡಗಿನ ಮೇಲಿದ್ದಾಗ, ಒಡಿಶಾದ ಬಳಿ ಬಿರುಗಾಳಿಯಲ್ಲಿ ತೇಲುತ್ತಿದ್ದ ‘ದುರ್ಗಮ್ಮ’ ಎಂಬ ಮೀನುದೋಣಿಯನ್ನು ಕಂಡು, ಮೂರು ಸಲ ಪ್ರಯತ್ನಿಸಿ ಏಳು ಮಂದಿ ಬೆಸ್ತರನ್ನೂ ಮೇಲೆತ್ತಿಸಿದರು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2016ರಲ್ಲಿ ಅವರಿಗೆ ಶೌರ್ಯದ ಪ್ರಶಸ್ತಿಯನ್ನು ಕೊಟ್ಟಿತು. ಅದನ್ನು ಪಡೆದ ಹೆಂಗಸರಲ್ಲಿ ಅವರೇ ಮೊದಲಿಗರು.

ಈ ಸಂಗತಿಯನ್ನು ನಾನು ಕಮಲಾಪುರದ ತೋಟದಲ್ಲಿ ಹೇಳಿದಾಗ ಹುಡುಗಿಯ ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಅಕಿ ಒಬ್ಬಾಕಿನೇ ಇರ್ತಾಳ್ರಿ ಅಲ್ಲಿ?" ಎಂದು ಕೇಳಿದರು. ಇರಬಹುದು ಎಂದೆನು. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಅವರು ಒಪ್ಪಿಗೆಯನ್ನು ಕೊಡಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಈ ವರ್ಷ ಪಿ.ಯು.ಸಿ.ಯ ಅರ್ಜಿಯಲ್ಲಿ ಮಾತ್ರ ಗಣಿತದ ಮುಂದೆ ಗುರುತು ಹಾಕಿ, ಕೆಳಗೆ ತಮ್ಮ ಸಹಿಯನ್ನು ಮಾಡಿದ್ದಾರೆ.